ಮಿಂಚುಹುಳದ ಆ ಚಿತ್ರ ನಿಜವೇ? ವಿಜ್ಞಾನಿಯ ಕೈಯಲ್ಲಿನ ಕ್ಯಾಮೆರಾ ಮತ್ತು ನಮ್ಮ ಕಣ್ಣು

ಮುಂಗಾರು ಹಿಡಿಯುವ ಮುಂಚಿನ ವಾರಗಳಲ್ಲಿ ಮಲೆನಾಡಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಚಿತ್ರ ಓಡಾಡತೊಡಗುತ್ತದೆ. ಕತ್ತಲ ಕಾಡು, ಮರಗಳ ನಡುವೆ ಸಾವಿರಾರು ಹಳದಿ-ಹಸಿರು ಚುಕ್ಕೆಗಳು. ಕೆಳಗೆ ‘ನಮ್ಮ ಹೊಸನಗರದ ಕಡೆ ಮಿಂಚುಹುಳಗಳ ಜಾತ್ರೆ’ ಎಂಬಂಥ ಒಕ್ಕಣೆ. ನೋಡಿದವರಲ್ಲಿ ಎರಡು ಪಂಗಡಗಳಾಗುತ್ತವೆ. ‘ಫೋಟೊದಲ್ಲೇ ಇದೆಯಲ್ಲ, ಸುಳ್ಳು ಹೇಗಾಗುತ್ತೆ?’ ಎನ್ನುವವರು ಒಂದು ಕಡೆ. ‘ಎಲ್ಲ ಫೋಟೊಶಾಪ್ ಮಾರಾಯ್ರೆ, ನಮ್ಮ ತೋಟದಲ್ಲಿ ಹತ್ತಿಪ್ಪತ್ತು ಹುಳ ಕಂಡರೆ ಹೆಚ್ಚು’ ಎನ್ನುವವರು ಇನ್ನೊಂದು ಕಡೆ.

ಎರಡೂ ಸರಿಯಲ್ಲ. ಇಂಥ ಚಿತ್ರಗಳನ್ನು ಸಾಮಾನ್ಯವಾಗಿ ಒಂದೇ ಕ್ಲಿಕ್ಕಿನಲ್ಲಿ ತೆಗೆಯುವುದಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ಕೂರಿಸಿ, ಒಂದೊಂದಕ್ಕೆ 30 ಸೆಕೆಂಡಿನಂತೆ ನೂರು ಚಿತ್ರ ತೆಗೆದರೆ ಒಟ್ಟು 50 ನಿಮಿಷ. ಆ ನೂರನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸುತ್ತಾರೆ. ಈಗ ಲೆಕ್ಕ ಹಾಕಿ ನೋಡಿ. ಕಣ್ಣೆದುರು ಇರುವುದು ಐವತ್ತೇ ಹುಳ, ಪ್ರತಿಯೊಂದೂ ನಿಮಿಷಕ್ಕೆ ಹತ್ತು ಸಲ ಮಿನುಗುತ್ತದೆ ಎಂದುಕೊಂಡರೂ 50 ನಿಮಿಷಕ್ಕೆ 25,000 ಚುಕ್ಕೆಗಳಾದವು. ಒಂದೊಂದು ಚುಕ್ಕೆಯೂ ನಿಜವಾಗಿ ಹೊತ್ತಿದ ಬೆಳಕೇ, ಯಾರೂ ಬಣ್ಣ ಬಳಿದದ್ದಲ್ಲ. ಆದರೆ ಅವೆಲ್ಲ ಒಟ್ಟಿಗೆ ಹೊತ್ತಿದ ಕ್ಷಣ ಎಂಬುದೊಂದು ಇರಲೇ ಇಲ್ಲ. ಚಿತ್ರ ತೋರಿಸುತ್ತಿರುವುದು ಒಂದು ಗಳಿಗೆಯನ್ನಲ್ಲ, ಮುಕ್ಕಾಲು ಗಂಟೆಗೂ ಹೆಚ್ಚು ಕಾಲವನ್ನು.

ಕಾಲವನ್ನು ಹೀಗೆ ಮಡಚಿ ಇಡುವುದು ಕಲಾವಿದನಿಗೆ ಸರಿ, ವಿಜ್ಞಾನಿಗೂ ಸರಿಯೇ? ವಿಜ್ಞಾನಿಯ ಕೈಯಲ್ಲಿ ಕ್ಯಾಮೆರಾ ಜೆರಾಕ್ಸ್ ಮೆಷಿನ್ನಿನಂತಿರಬೇಕು, ಇದ್ದದ್ದನ್ನು ಇದ್ದ ಹಾಗೆ ಇಳಿಸಬೇಕು, ಅಂದ ಚಂದ ಬಂತೆಂದರೆ ಅಲ್ಲೇನೋ ಕೈಚಳಕ ನಡೆದಿದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸಂವಹನ ಓದುವ ತರಗತಿಗಳಲ್ಲೂ ‘ಕಲಾತ್ಮಕ ಚಿತ್ರ’, ‘ದಾಖಲೆ ಚಿತ್ರ’ ಎಂದು ಎರಡು ಡಬ್ಬಿ ಮಾಡಿ ಕಲಿಸುವುದುಂಟು. ವಿಜ್ಞಾನಿಗಳು ಕ್ಯಾಮೆರಾ ಹಿಡಿದ ಚರಿತ್ರೆ ನೋಡಿದರೆ ಈ ಡಬ್ಬಿಗಳು ಉಳಿಯುವುದಿಲ್ಲ.

ಮಳೆಹನಿಯ ಕಥೆ ತೆಗೆದುಕೊಳ್ಳಿ. ಆರ್ಥರ್ ವರ್ದಿಂಗ್ಟನ್ ಎಂಬ ಬ್ರಿಟಿಷ್ ಭೌತವಿಜ್ಞಾನಿ ಹನಿಯೊಂದು ಬಿದ್ದು ಚಿಮ್ಮುವುದನ್ನು ಅಭ್ಯಾಸ ಮಾಡುತ್ತಿದ್ದ. ಕತ್ತಲ ಕೋಣೆಯಲ್ಲಿ ಹನಿ ಬೀಳಿಸಿ, ಕ್ಷಣಮಾತ್ರ ಒಂದು ವಿದ್ಯುತ್ ಕಿಡಿ ಹೊತ್ತಿಸಿ, ಕಣ್ಣಲ್ಲಿ ಉಳಿದ ಬಿಂಬವನ್ನು ಕಾಗದಕ್ಕಿಳಿಸುತ್ತಿದ್ದ. ವರ್ಷಗಟ್ಟಲೆ ಬಿಡಿಸಿದ ಆ ಚಿತ್ರಗಳಲ್ಲಿ ಚಿಮ್ಮಿದ ದ್ರವ ಕಿರೀಟದ ಹಾಗೆ, ಎಲ್ಲ ಕಡೆಗೂ ಸಮವಾಗಿ ಅರಳಿರುತ್ತಿತ್ತು. 1894ರ ಹೊತ್ತಿಗೆ ಅದೇ ಕ್ಷಣವನ್ನು ಫೋಟೊ ಪ್ಲೇಟಿನ ಮೇಲೆ ಹಿಡಿಯಲು ಸಾಧ್ಯವಾಯಿತು. ನೋಡಿದರೆ ಕಿರೀಟ ಓರೆಕೋರೆ! ಒಂದು ಕಡೆ ಉದ್ದ, ಇನ್ನೊಂದು ಕಡೆ ಮೋಟು, ಕೆಲವು ಮೊನೆ ಮುರಿದಂತೆ. ಕಣ್ಣು ಮತ್ತು ಮನಸ್ಸು ಸೇರಿ ಅಷ್ಟೂ ವರ್ಷ ಹನಿಯನ್ನು ತಿದ್ದಿ ತೀಡಿದ್ದವು. ಯಾವ ಮೋಸದ ಉದ್ದೇಶವೂ ಇರಲಿಲ್ಲ. ಸಮರೂಪ ಇರಬೇಕು ಎಂದು ನಂಬಿದವನಿಗೆ ಸಮರೂಪವೇ ಕಂಡಿತು. ಇಲ್ಲಿ ಗೆದ್ದದ್ದು ಕ್ಯಾಮೆರಾ.

ಅದೇ ಹನಿ ಅಮೆರಿಕದ ಎಂಐಟಿಯ ಎಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್ ಕೈಗೆ ಬಂದಾಗ ಕಥೆ ತಿರುಗುತ್ತದೆ. ಅತಿ ಕಡಿಮೆ ಹೊತ್ತು ಮಿಂಚುವ ಸ್ಟ್ರೋಬ್ ದೀಪವನ್ನು ಛಾಯಾಗ್ರಹಣಕ್ಕೆ ಪಳಗಿಸಿದವರು ಅವರು. ತಾನು ಕಲಾವಿದನಲ್ಲ, ಎಂಜಿನಿಯರ್ ಮಾತ್ರ ಎಂದು ಹೇಳಿಕೊಳ್ಳುತ್ತಿದ್ದ ಈ ಮನುಷ್ಯ 1930ರ ದಶಕದಿಂದ ಮತ್ತೆ ಮತ್ತೆ ಹಾಲಿನ ಹನಿ ಬೀಳಿಸುತ್ತ ಹೋದರು. 1957ರಲ್ಲಿ ಕೆಂಪು ಹಿನ್ನೆಲೆಯ ಮೇಲೆ ಬಹುತೇಕ ಸಮವಾದ ಹಾಲಿನ ಕಿರೀಟ ಮೂಡಿತು. ಇಂದಿಗೂ ಜಗತ್ತಿನ ಪ್ರಸಿದ್ಧ ಛಾಯಾಚಿತ್ರಗಳಲ್ಲಿ ಅದೊಂದು. ಆ ಚಿತ್ರ ಸುಳ್ಳಲ್ಲ, ಆ ಹನಿ ಹಾಗೆಯೇ ಚಿಮ್ಮಿತ್ತು. ಆದರೆ ಅಷ್ಟೊಂದು ಹನಿಗಳಲ್ಲಿ ಅದನ್ನೇ ಆರಿಸಿದ್ದು ಎಡ್ಜರ್ಟನ್ನರ ಕಣ್ಣು. ಆ ಒಂದೇ ಚಿತ್ರ ನೋಡಿ ‘ಹನಿ ಬಿದ್ದಾಗಲೆಲ್ಲ ಹೀಗೆ ಕಿರೀಟ ಏಳುತ್ತದೆ’ ಎಂದುಕೊಂಡರೆ ನಾವು ಮತ್ತೆ ವರ್ದಿಂಗ್ಟನ್ನನ ಹಳೆಯ ಚಿತ್ರಗಳಿಗೇ ವಾಪಸಾದಂತೆ.

ಹಿಮದ ಹರಳುಗಳ ಚಿತ್ರಗಳಿಗೆ ಹೆಸರಾದ ವಿಲ್ಸನ್ ಬೆಂಟ್ಲಿಯದು ಇನ್ನೂ ಒಂದು ಹೆಜ್ಜೆ ಮುಂದೆ. ವೃತ್ತಿಯಲ್ಲಿ ರೈತ. 1885ರಿಂದ ಶುರುಮಾಡಿ 5,000ಕ್ಕೂ ಹೆಚ್ಚು ಹರಳುಗಳ ಚಿತ್ರ ತೆಗೆದ. ಹರಳು ಎದ್ದು ಕಾಣಲೆಂದು ನೆಗೆಟಿವ್‌ನ ಪ್ರತಿಯಲ್ಲಿ ಹರಳಿನ ಅಂಚಿನ ಸುತ್ತ ಕೆರೆದು ಹಿನ್ನೆಲೆಯನ್ನು ಕಪ್ಪಾಗಿಸುತ್ತಿದ್ದ. ಇದು ಚಿತ್ರವನ್ನು ತಿದ್ದಿದಂತೆ ಎಂದು ಜರ್ಮನಿಯ ವಿಜ್ಞಾನಿಗಳು ತಕರಾರು ಎತ್ತಿದರು. ನನಗೆ ಆ ತಕರಾರು ನ್ಯಾಯವೆನಿಸುತ್ತದೆ. ಯಾಕೆಂದರೆ ಅಂಚನ್ನು ಕೆರೆಯುವ ಕೈ ಅಂಚು ಎಲ್ಲಿದೆ ಎಂಬುದನ್ನೂ ತೀರ್ಮಾನಿಸುತ್ತದೆ.

ಹಾಗೆಂದು ವಿಜ್ಞಾನಿ ಸೌಂದರ್ಯದಿಂದ ದೂರವಿರಲಿ ಎನ್ನುವುದೂ ಆಗದ ಮಾತು. ನರಕೋಶಗಳ ಅಧ್ಯಯನಕ್ಕೆ 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಫೋಟೊಗ್ರಫಿಯ ಮಹಾ ಹುಚ್ಚಿನವರು. ತಮ್ಮದೇ ಚಿತ್ರಗಳನ್ನು ತಾವೇ ತೆಗೆದುಕೊಂಡರು, ಬಣ್ಣದ ಛಾಯಾಗ್ರಹಣದ ಬಗ್ಗೆ 1912ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆದರೆ ನರಕೋಶಗಳನ್ನು ತೋರಿಸುವಾಗ ಮಾತ್ರ ಪೆನ್ನು ಶಾಯಿ ಹಿಡಿದರು. ಸೂಕ್ಷ್ಮದರ್ಶಕದಲ್ಲಿ ಒಂದು ಸಲಕ್ಕೆ ಒಂದು ತೆಳು ಪದರವಷ್ಟೇ ಸ್ಪಷ್ಟವಾಗಿ ಕಾಣುತ್ತದೆ, ಕೋಶದ ಕವಲುಗಳೋ ಮೇಲೆ ಕೆಳಗೆ ಹಲವು ಪದರಗಳಲ್ಲಿ ಹರಡಿರುತ್ತವೆ. ಫೋಕಸ್ ತಿರುಗಿಸುತ್ತ ಪದರ ಪದರವಾಗಿ ನೋಡಿ ಕೈಯಲ್ಲಿ ಒಟ್ಟು ಚಿತ್ರ ಬಿಡಿಸುವುದೇ ಆಗ ಹೆಚ್ಚು ನಿಖರವಾಗಿತ್ತು.

ಇಂದು ನಮ್ಮ ಮಲೆನಾಡಿನಲ್ಲಿ ಕೀಟ, ಕಪ್ಪೆಗಳ ಚಿತ್ರ ತೆಗೆಯುವವರು ಮಾಡುವುದೂ ಇದನ್ನೇ, ಕಂಪ್ಯೂಟರಿನ ನೆರವಿನಿಂದ. ವಸ್ತುವಿನಷ್ಟೇ ದೊಡ್ಡದಾಗಿ ಅದರ ಬಿಂಬ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋದಾಗ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿನ ಆಸುಪಾಸು ಮಾತ್ರ. ಜೇಡದ ಕಣ್ಣು ಸಿಕ್ಕಿದರೆ ಕಾಲು ಮಸುಕು. ಅದಕ್ಕೇ ಫೋಕಸ್ ಸ್ವಲ್ಪ ಸ್ವಲ್ಪವೇ ಸರಿಸುತ್ತ ಹತ್ತಾರು ಚಿತ್ರ ತೆಗೆದು, ಎಲ್ಲದರ ಸ್ಪಷ್ಟ ಭಾಗಗಳನ್ನು ಕೂಡಿಸುತ್ತಾರೆ. ಫೋಕಸ್ ಸ್ಟ್ಯಾಕಿಂಗ್ ಎನ್ನುವುದು ಇದಕ್ಕೇ. ಆ ಜೇಡವನ್ನು ಯಾರ ಕಣ್ಣೂ ಹಾಗೆ ಒಮ್ಮೆಗೇ ನೋಡಿರುವುದಿಲ್ಲ, ಆದರೂ ಜೇಡ ಇರುವುದು ಹಾಗೆಯೇ.

ಕ್ಯಾಮೆರಾ ಮತ್ತು ವಿಜ್ಞಾನ ನಮ್ಮ ಸೀಮೆಯಲ್ಲೇ ಕೂಡಿದ ಕಡೆಗೆ ಹೋಗೋಣ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರದ ಮೂಲಕ ಹರಿದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ತಡೆದು ನಿಂತು, ಜೋಗದಲ್ಲಿ ಧುಮುಕಿ ಹೊನ್ನಾವರದ ಕಡಲು ಸೇರುತ್ತದೆ. ಈ ಕಣಿವೆಯ ಕಪ್ಪೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರಲ್ಲಿ ಕೆ.ವಿ. ಗುರುರಾಜ ಒಬ್ಬರು. ಪಶ್ಚಿಮ ಘಟ್ಟದ ಕಪ್ಪೆಗಳ ಬಗ್ಗೆ ಅವರ ಸಚಿತ್ರ ಕೈಪಿಡಿಯನ್ನು 2012ರಲ್ಲಿ ಗುಬ್ಬಿ ಲ್ಯಾಬ್ಸ್ ಪ್ರಕಟಿಸಿತು. ಬೆಂಗಳೂರಿನ ಸೃಷ್ಟಿ ಮಣಿಪಾಲ ಸಂಸ್ಥೆಯಲ್ಲಿ, ಅಂದರೆ ಕಲೆ ಮತ್ತು ವಿನ್ಯಾಸ ಕಲಿಸುವ ಕಡೆ, ಅಧ್ಯಾಪಕರೂ ಆದರು. ಕಪ್ಪೆ ವಿಜ್ಞಾನಿಗೆ ಕಲಾಶಾಲೆಯಲ್ಲೇನು ಕೆಲಸ ಎಂದು ಕೇಳುವವರಿಗೆ ಕಪ್ಪೆಗಳೇ ಉತ್ತರ ಹೇಳುತ್ತವೆ.

ಕಪ್ಪೆಯೊಂದನ್ನು ಮಾದರಿಯಾಗಿ ರಾಸಾಯನಿಕದಲ್ಲಿ ಕೆಡದಂತೆ ಇಟ್ಟರೆ ಮೂಳೆ, ಬೆರಳು, ಅಳತೆ ಎಲ್ಲ ಉಳಿಯುತ್ತದೆ. ಬಣ್ಣ ಮಾತ್ರ ಮಾಸುತ್ತದೆ. 2007ರಲ್ಲಿ ಗುರುರಾಜ ಮತ್ತು ಸಂಗಡಿಗರು ಮಧ್ಯ ಪಶ್ಚಿಮ ಘಟ್ಟದ ಒಂದು ಪೊದೆಗಪ್ಪೆಯನ್ನು ವರ್ಣಿಸಿ ‘ನೀಲನೇತ್ರಸ್’ ಎಂದು ಹೆಸರಿಟ್ಟರು. ಕಣ್ಣಪಾಪೆಯ ಸುತ್ತಲಿನ ಬಣ್ಣಕ್ಕೆ ನೀಲಿ ಅಂಚು ಇತ್ತು, ಹೆಸರು ಬಂದದ್ದು ಅದರಿಂದ. ಬಾಟಲಿಯಲ್ಲಿಟ್ಟ ಕಪ್ಪೆ ಆ ನೀಲಿಯನ್ನು ಕಾಪಾಡಲಾರದು, ಜೀವಂತ ಕಪ್ಪೆಯ ಒಂದು ಒಳ್ಳೆಯ ಫೋಟೊ ಕಾಪಾಡುತ್ತದೆ. ಇಲ್ಲಿ ಬೆಳಕು ಯಾವ ದಿಕ್ಕಿನಿಂದ ಬೀಳಬೇಕು, ಫ್ಲ್ಯಾಶ್ ಎಷ್ಟು ಮೃದುವಾಗಿರಬೇಕು ಎಂಬುದು ಬರೀ ಅಂದದ ಪ್ರಶ್ನೆಯಲ್ಲ. ಒದ್ದೆ ಚರ್ಮದ ಮೇಲೆ ಫ್ಲ್ಯಾಶ್ ನೇರ ಬಡಿದರೆ ಬಿಳಿ ಹೊಳಪು ಬಿದ್ದು ಬಣ್ಣವೇ ಮುಚ್ಚಿಹೋಗುತ್ತದೆ.

ಇನ್ನೂ ಒಳ್ಳೆಯ ಉದಾಹರಣೆ ಕುಂಬಾರ ಕಪ್ಪೆ. ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ ಕತ್ತಲೆಕಾನು ಸಿಗುತ್ತದೆ. ರಾಮಪತ್ರೆ ಜಡ್ಡಿಗಳಿರುವ, ಹೆಸರಿಗೆ ತಕ್ಕ ಕಾಡು. ಅಲ್ಲಿನ ಹಳ್ಳದ ಕಪ್ಪೆಯೊಂದನ್ನು 2014ರಲ್ಲಿ ಗುರುರಾಜ, ಕೆ.ಪಿ. ದಿನೇಶ್ ಮತ್ತಿತರರು ‘ನಿಕ್ಟಿಬಟ್ರಾಕಸ್ ಕುಂಬಾರ’ ಎಂದು ಕರೆದರು. ಹೆಣ್ಣು ಮುಂಗಾಲಿನ ಮೇಲೆ ತಲೆಕೆಳಗಾಗಿ ನಿಂತು ಕಡ್ಡಿಯ ಮೇಲೆ ಮೊಟ್ಟೆ ಇಡುತ್ತದೆ. ಆಮೇಲೆ ಗಂಡು ಹಿಂಗಾಲ ಮೇಲೆ ಎದ್ದು ನಿಂತು, ಮುಂಗಾಲಿನಿಂದ ಕೆಸರು ಬಾಚಿ ಮೊಟ್ಟೆಗಳಿಗೆ ಮೆತ್ತುತ್ತದೆ. ಮಡಕೆಗೆ ಮಣ್ಣು ಮೆತ್ತಿದ ಹಾಗೆ. ಇದೆಲ್ಲ ನಡೆಯುವುದು ರಾತ್ರಿ, ಮಳೆಗಾಲದಲ್ಲಿ. ಹಗಲು ಹೋದವರಿಗೆ ಕಾಣುವುದು ಕೆಸರು ಮೆತ್ತಿದ ಕಡ್ಡಿ ಮಾತ್ರ. ಕೆಸರು ಹಾರಿ ಅಂಟಿತೋ, ಯಾರಾದರೂ ಮೆತ್ತಿದರೋ ಹೇಳುವುದು ಹೇಗೆ? ರಾತ್ರಿಯ ವಿಡಿಯೊದಲ್ಲಿ ಆ ಪುಟ್ಟ ಕೈಗಳು ಕೆಲಸ ಮಾಡುವುದು ಕಂಡಿತು. ‘ಕುಂಬಾರ’ ಎಂಬ ಹೆಸರನ್ನೇ ಗಮನಿಸಿ. ಅದೊಂದು ಉಪಮೆ, ವಿಜ್ಞಾನದ ದಾಖಲೆಯೊಳಗೆ ಕೂತ ಕನ್ನಡದ ಉಪಮೆ. ಕಪ್ಪೆಯಲ್ಲಿ ಕುಂಬಾರನನ್ನು ಕಂಡ ಕಣ್ಣು ಮತ್ತು ಅಳತೆಪಟ್ಟಿ ಹಿಡಿದ ಕೈ ಒಬ್ಬರದೇ.

ಪದವಿಯಿಂದ ವಿಜ್ಞಾನಿಯಲ್ಲದವರಲ್ಲೂ ಈ ಗುಣ ಕಾಣುತ್ತದೆ. ತೀರ್ಥಹಳ್ಳಿಯ ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತ ಕಳೆದ ಕಾಲ ಅವರ ಓದುಗರಿಗೆ ಗೊತ್ತೇ ಇದೆ. ಅವರ ಹಕ್ಕಿ ಬರಹದಲ್ಲಿ ಛಾಯಾಗ್ರಾಹಕ ಎಲ್ಲಿ ಮುಗಿದು ಪಕ್ಷಿವೀಕ್ಷಕ ಎಲ್ಲಿ ಶುರುವಾಗುತ್ತಾನೆ ಎಂದು ಗೆರೆ ಎಳೆಯುವುದು ಕಷ್ಟ.

ಈಗ ನಮ್ಮೂರಿನ ಕೆಲವು ‘ಸುಳ್ಳು ಫೋಟೊ’ಗಳನ್ನು ನೋಡೋಣ. ಜೋಗದ ನೀರು ರೇಷ್ಮೆ ಬಟ್ಟೆಯಂತೆ ಕಾಣುವ ಚಿತ್ರ ಎಲ್ಲ ಕ್ಯಾಲೆಂಡರಿನಲ್ಲೂ ಇದೆ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, 20 ಮೀಟರ್ ಬಿದ್ದ ನೀರಿನ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ ತೆರೆದರೆ ಅಷ್ಟರಲ್ಲಿ ನೀರು ಸರಿಯುವುದು 2 ಸೆಂಟಿಮೀಟರ್. ಹನಿಗಳು ಗಾಜಿನ ಚೂರಿನಂತೆ ನಿಂತುಬಿಡುತ್ತವೆ. ಅರ್ಧ ಸೆಕೆಂಡ್ ತೆರೆದರೆ ಅದೇ ನೀರು 10 ಮೀಟರ್ ಸರಿದು ಬಿಳಿ ಗೆರೆಯಾಗುತ್ತದೆ. ನಮ್ಮ ಕಣ್ಣಿಗೆ ಗಾಜಿನ ಚೂರೂ ಕಾಣುವುದಿಲ್ಲ, ರೇಷ್ಮೆಯೂ ಕಾಣುವುದಿಲ್ಲ. ವಿಚಿತ್ರವೆಂದರೆ ರೇಷ್ಮೆಯ ಚಿತ್ರವನ್ನು ಮಾತ್ರ ಜನ ‘ಎಡಿಟ್ ಮಾಡಿದ್ದು’ ಎನ್ನುತ್ತಾರೆ. ನಿಂತ ಹನಿಯನ್ನು ಯಾರೂ ಅನುಮಾನಿಸುವುದಿಲ್ಲ.

ಹೊಸನಗರ ತಾಲ್ಲೂಕಿನ ಕೊಡಚಾದ್ರಿಯಂಥ ಬೆಟ್ಟದ ನೆತ್ತಿಯ ಮಂಟಪದ ಹಿಂದೆ ಅದರಷ್ಟೇ ದೊಡ್ಡ ಚಂದ್ರ ನಿಂತ ಚಿತ್ರವೂ ಹಾಗೆಯೇ. ಚಂದ್ರ ಆಕಾಶದಲ್ಲಿ ಆಕ್ರಮಿಸುವುದು ಸುಮಾರು ಅರ್ಧ ಡಿಗ್ರಿ. ಯಾವುದೇ ವಸ್ತುವಿನಿಂದ ಅದರ ಎತ್ತರದ ಸುಮಾರು 115 ಪಟ್ಟು ದೂರ ಹೋದರೆ ಅದೂ ಅರ್ಧ ಡಿಗ್ರಿಯಷ್ಟೇ ಕಾಣುತ್ತದೆ. 4 ಮೀಟರ್ ಎತ್ತರದ ಕಲ್ಲುಮಂಟಪವಾದರೆ ಸುಮಾರು 460 ಮೀಟರ್ ದೂರ ನಿಂತು ಟೆಲಿಫೋಟೊ ಲೆನ್ಸ್ ಹಾಕಿದರೆ ಸಾಕು, ಮಂಟಪ ಮತ್ತು ಚಂದ್ರ ಒಂದೇ ಅಳತೆ. ಇನ್ನೂ ದೂರ ಹೋದರೆ ಚಂದ್ರನೇ ದೊಡ್ಡವನು. ‘ಸೂಪರ್‌ಮೂನ್’ ದಿನ ಬರುವ ಇಂಥ ಚಿತ್ರಗಳಲ್ಲಿ ಚಂದ್ರನ ಗಾತ್ರಕ್ಕಿಂತ ಛಾಯಾಗ್ರಾಹಕ ನಡೆದ ದೂರದ ಪಾಲೇ ಹೆಚ್ಚು.

ಬಣ್ಣದ ವಿಷಯದಲ್ಲಿ ಗೊಂದಲ ಇನ್ನೂ ದೊಡ್ಡದು. ಕೊರೊನಾ ವೈರಸ್ ಎಂದರೆ ಬೂದು ಚೆಂಡಿನ ಮೇಲೆ ಕೆಂಪು ಮುಳ್ಳುಗಳು ನೆನಪಾಗುತ್ತವೆ ತಾನೆ? ಅದು ಫೋಟೊವೇ ಅಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಇಬ್ಬರು ವೈದ್ಯಕೀಯ ಚಿತ್ರಕಾರರು ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ. ಆ ವೈರಸ್ಸಿನ ಅಡ್ಡಳತೆ ಸುಮಾರು 100 ನ್ಯಾನೊಮೀಟರ್, ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೊಮೀಟರ್. ಬೆಳಕಿನ ಅಲೆಗಿಂತ ಚಿಕ್ಕದಾದ ಅದಕ್ಕೆ ನಾವು ತಿಳಿದಂಥ ‘ಬಣ್ಣ’ ಎಂಬುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೊಡುವುದು ಕಪ್ಪು ಬಿಳುಪು ಚಿತ್ರವನ್ನು. ಬಣ್ಣ ಆಮೇಲೆ ಹಚ್ಚಿದ್ದು. ಹಬಲ್ ದೂರದರ್ಶಕದ 1995ರ ‘ಸೃಷ್ಟಿಯ ಸ್ತಂಭಗಳು’ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು ವಿಜ್ಞಾನಿಗಳು ಹಂಚಿಕೊಟ್ಟರು. ಹಾಗೆ ಹಂಚಿದ್ದನ್ನು ಹೇಳಿಯೂ ಇದ್ದರು. ಗೋಡೆಯ ಪೋಸ್ಟರಿಗೆ ಬರುವಷ್ಟರಲ್ಲಿ ಚಿತ್ರ ಬಂತು, ಹೇಳಿಕೆ ದಾರಿಯಲ್ಲೇ ಉಳಿಯಿತು.

ನನ್ನ ತಕರಾರು ಇರುವುದು ಇಲ್ಲೇ. ಸೃಜನಶೀಲತೆ ವಿಜ್ಞಾನವನ್ನು ಕೆಡಿಸುವುದಿಲ್ಲ, ಕಳೆದುಹೋದ ಅಡಿಬರಹ ಕೆಡಿಸುತ್ತದೆ. ‘30 ಸೆಕೆಂಡಿನ 100 ಚಿತ್ರಗಳನ್ನು ಜೋಡಿಸಿದ್ದು’ ಎಂಬ ನಾಲ್ಕು ಪದಗಳಿದ್ದರೆ ಮಿಂಚುಹುಳದ ಚಿತ್ರ ಹುಳಗಳು ಯಾವ ಎತ್ತರದಲ್ಲಿ, ಯಾವ ಹಾದಿಯಲ್ಲಿ ಹಾರುತ್ತವೆ ಎಂದು ತೋರಿಸುವ ಒಳ್ಳೆಯ ದಾಖಲೆ. ಆ ಪದಗಳು ಹೋದರೆ ಹತ್ತು ಹುಳವಿರುವ ತೋಟದಲ್ಲಿ ಸಾವಿರ ಹುಳ ಹುಡುಕಿಕೊಂಡು ಕಾರು ತುಂಬ ಜನ ಬರುತ್ತಾರೆ, ಹೆಡ್‌ಲೈಟ್ ಹಾಕಿಕೊಂಡು. ಮಿಂಚುಹುಳದ ಬೆಳಕು ಗಂಡು ಹೆಣ್ಣುಗಳ ನಡುವಿನ ಸಂಕೇತ. ಹೊರಗಿನ ಬೆಳಕು ಹೆಚ್ಚಿದಷ್ಟೂ ಅವು ಒಂದನ್ನೊಂದು ಹುಡುಕುವುದು ಕಷ್ಟವಾಗುತ್ತದೆ.

ನಾಲ್ಕು ಪದದಿಂದ ಸರಿಹೋಗದ ಚಿತ್ರಗಳೂ ಇವೆ. ಎಲೆಯನ್ನು ಕೊಡೆಯಂತೆ ಹಿಡಿದ ಕಪ್ಪೆ, ಜೀರುಂಡೆಯ ಮೇಲೆ ಸವಾರಿ ಹೊರಟ ಕಪ್ಪೆ, ಬಾಯಿ ತೆರೆದು ‘ನಗುವ’ ಕಪ್ಪೆ. ಇವು ‘ನಿಸರ್ಗದ ವಿಸ್ಮಯ’ ಎಂದು ಶಾಲಾ ಮಕ್ಕಳ ತನಕ ತಲುಪಿವೆ. ಕಪ್ಪೆ ಕೊಡೆ ಹಿಡಿಯುವುದಿಲ್ಲ. ಇಂಥ ಚಿತ್ರಗಳಲ್ಲಿ ಬಹಳಷ್ಟಕ್ಕೆ ಪ್ರಾಣಿಯನ್ನು ದಾರ, ತಂತಿಗಳಿಂದ ನಿಲ್ಲಿಸಿ ಆಮೇಲೆ ದಾರವನ್ನು ಅಳಿಸುವ, ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಜಡಗೊಳಿಸುವ ಕ್ರಮಗಳು ಹಲವು ಕಡೆ ಬಯಲಾಗಿವೆ. ಕಪ್ಪೆಯ ಮೈಬಿಸಿ ಸುತ್ತಲಿನ ಬಿಸಿಯನ್ನು ಅವಲಂಬಿಸಿದೆ, ತಣ್ಣಗಾದರೆ ಅದು ಓಡಲಾರದು. ಓಡದ ಕಪ್ಪೆ ಚಿತ್ರಕ್ಕೆ ‘ಶಾಂತ’ವಾಗಿ ಕಾಣುತ್ತದೆ. ಹೆಡೆ ಎತ್ತಿದ ಕಾಳಿಂಗನ ಚಿತ್ರಕ್ಕೂ ಇದೇ ಮಾತು. ಹೆಡೆ ಎತ್ತುವುದು ಭಂಗಿಯಲ್ಲ, ಗಾಬರಿ. ಪಶ್ಚಿಮ ಘಟ್ಟದ ಕಾಳಿಂಗಕ್ಕೆ 2024ರಲ್ಲಿ ವಿಜ್ಞಾನಿಗಳು ನಮ್ಮದೇ ಮಾತನ್ನು ಇಟ್ಟು ‘ಒಫಿಯೊಫೇಗಸ್ ಕಾಳಿಂಗ’ ಎಂದು ಪ್ರತ್ಯೇಕ ಹೆಸರು ಕೊಟ್ಟಿದ್ದಾರೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತ ಮಳೆಗಾಲದಲ್ಲಿ ಕ್ಯಾಮೆರಾಗಳು ಹೆಚ್ಚುತ್ತಿರುವಾಗ ಇದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ.

ಕಪ್ಪೆಯನ್ನು ಕೈಯಲ್ಲಿ ಹಿಡಿಯುವುದರಲ್ಲೇ ಅಪಾಯವಿದೆ, ಅಪಾಯ ಕಪ್ಪೆಗೆ. ಅದು ಚರ್ಮದ ಮೂಲಕವೂ ಉಸಿರಾಡುತ್ತದೆ, ನೀರು ಹೀರುತ್ತದೆ. ನಾವು ಸೊಳ್ಳೆಗೆ, ಉಂಬಳಕ್ಕೆ ಎಂದು ಹಚ್ಚಿಕೊಂಡ ಮುಲಾಮು, ತಂಬಾಕು, ಉಪ್ಪು ಎಲ್ಲ ಆ ಚರ್ಮಕ್ಕೆ ತಾಗುತ್ತವೆ. ಕೈಟ್ರಿಡ್ ಎಂಬ ಶಿಲೀಂಧ್ರ ರೋಗ ಜಗತ್ತಿನ ಹಲವೆಡೆ ಕಪ್ಪೆಗಳನ್ನು ಅಳಿವಿನ ಅಂಚಿಗೆ ತಂದಿದೆ. ಒಂದು ಹಳ್ಳದ ಕೆಸರು ಮೆತ್ತಿದ ಬೂಟಿನಲ್ಲಿ ಇನ್ನೊಂದು ಹಳ್ಳಕ್ಕೆ ಇಳಿದರೆ ಅದು ಹರಡಬಹುದು. ಅಧ್ಯಯನಕ್ಕೆಂದು ಕಾಡಿಗೆ ಹೋಗುವವರು ಬೂಟು ತೊಳೆದು ಒಣಗಿಸುವುದು ಇದಕ್ಕೇ.

ಸ್ಪರ್ಧೆಗಳ ನಿಯಮಗಳಲ್ಲಿ ಈ ಪ್ರಶ್ನೆಗಳಿಗೆ ಅರ್ಧ ಉತ್ತರವಿದೆ. ಸಾಗರದಂಥ ಸಣ್ಣ ಊರಲ್ಲೂ ಫೋಟೊಗ್ರಫಿ ಸಂಘ ಕಟ್ಟಿ ಸ್ಪರ್ಧೆ ನಡೆಸುವವರಿದ್ದಾರೆ. ನಿಸರ್ಗ ವಿಭಾಗಕ್ಕೆ ಅಂತರರಾಷ್ಟ್ರೀಯ ಸಂಸ್ಥೆಗಳು ಒಪ್ಪಿಕೊಂಡಿರುವ ವ್ಯಾಖ್ಯೆಯ ಪ್ರಕಾರ ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ತೆಗೆಯುವಂತಿಲ್ಲ, ಅಂಚು ಕತ್ತರಿಸಬಹುದು. ಫೋಕಸ್ ಸ್ಟ್ಯಾಕಿಂಗಿಗೆ ಅಡ್ಡಿಯಿಲ್ಲ. ಅಂದರೆ ದಾರ ಅಳಿಸುವುದು ತಪ್ಪು ಎಂದು ನಿಯಮವೇ ಹೇಳುತ್ತದೆ. ದಾರ ಕಟ್ಟಿದ್ದು ತೀರ್ಪುಗಾರರಿಗೆ ಗೊತ್ತಾಗುವುದು ಹೇಗೆ ಎಂಬುದು ಬೇರೆ ಮಾತು. ಕಪ್ಪೆಗಳ ನಡವಳಿಕೆ ಬಲ್ಲ ಒಬ್ಬರು ತೀರ್ಪುಗಾರರ ಸಾಲಿನಲ್ಲಿದ್ದರೆ ಕೊಡೆ ಹಿಡಿದ ಕಪ್ಪೆ ಮೊದಲ ಸುತ್ತಿನಲ್ಲೇ ಹೊರಗೆ.

ನೀವೇ ಒಂದು ಪ್ರಯೋಗ ಮಾಡಬೇಕೆಂದರೆ ಮಳೆಗಾಲದಲ್ಲಿ ಕಾಡಂಚಿನ ಕೊಳೆತ ಕೊರಡಿನ ಮೇಲೆ ಹೊಳೆಯುವ ಅಣಬೆ, ಬೂಸ್ಟು ಹುಡುಕಬಹುದು. ಕತ್ತಲಲ್ಲಿ ಈ ಹೊಳಪು ಕಂಡು ಹೆದರಿದವರಿದ್ದಾರೆ, ದೆವ್ವದ ಕಥೆಗಳಲ್ಲಿ ಇದರ ಪಾಲೂ ಇರಬೇಕು. ಶಿಲೀಂಧ್ರದೊಳಗಿನ ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ತಣ್ಣನೆಯ ಬೆಳಕು ಅದು, ಅಲೆಯುದ್ದ 520-530 ನ್ಯಾನೊಮೀಟರ್ ಆಸುಪಾಸು, ಅಂದರೆ ಹಸಿರು. ಟಾರ್ಚ್ ಆರಿಸಿ ಇಪ್ಪತ್ತು ನಿಮಿಷ ಕಾಯಿರಿ. ಕಣ್ಣಿಗೆ ಕಾಣುವುದು ಬೂದು ಬಿಳುಪಿನ ಮಸುಕು, ಯಾಕೆಂದರೆ ಅಷ್ಟು ಮಂದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಈಗ ಮೊಬೈಲನ್ನು ಕಲ್ಲಿನ ಮೇಲೆ ಅಲುಗದಂತೆ ಇಟ್ಟು, ಪ್ರೊ ಮೋಡಿನಲ್ಲಿ ಶಟರ್ 30 ಸೆಕೆಂಡ್ ಮಾಡಿ ಕ್ಲಿಕ್ಕಿಸಿ. ಪರದೆಯ ಮೇಲೆ ಹಸಿರು ಮೂಡುತ್ತದೆ. ಕೊರಡನ್ನು ಎತ್ತಿ ಮನೆಗೆ ತರಬೇಡಿ, ಒಣಗಿದರೆ ಹೊಳಪು ಹೋಗುತ್ತದೆ. ಗುಂಪಿಗೆ ಕಳಿಸುವಾಗ ಚಿತ್ರದ ಕೆಳಗೆ ‘30 ಸೆಕೆಂಡ್. ಕಣ್ಣಿಗೆ ಹಸಿರು ಕಾಣಲಿಲ್ಲ’ ಎಂದು ಬರೆಯಿರಿ.